ಕಂಪ್ಯೂಟರ್ ಸೈನ್ಸಾ, ಹೆಲ್ತ್ ಸೈನ್ಸಾ? ಪಿಯುಸಿ ನಂತರ ಎರಡರ ಪ್ರವೇಶ ನಿಯಮ ಹೋಲಿಸುವ ಸರಿಯಾದ ಕ್ರಮ

ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆಯ ರಿಸಲ್ಟ್ ಬಂದ ಮೂರನೇ ದಿನ ಒಬ್ಬ ಹುಡುಗಿ ಅಪ್ಪನ ಜೊತೆ ಮಾರ್ಕ್ಸ್ ಕಾರ್ಡಿನ ಪ್ರಿಂಟ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಪಿಸಿಎಂಬಿ ಓದಿದವಳು. ಕನ್ನಡ 92, ಇಂಗ್ಲಿಷ್ 80, ಫಿಸಿಕ್ಸ್ 38, ಕೆಮಿಸ್ಟ್ರಿ 41, ಮ್ಯಾತ್ಸ್ 50, ಬಯಾಲಜಿ 52. ಒಟ್ಟು 600ಕ್ಕೆ 353. "59 ಪರ್ಸೆಂಟ್ ಹತ್ತಿರ ಇದೆ ಸರ್, ಎಂಜಿನಿಯರಿಂಗ್ ಬೇಡ, ನರ್ಸಿಂಗ್ ಆದ್ರೂ ಸಿಗುತ್ತಲ್ವಾ" ಅಂದರು ಅಪ್ಪ.

ಕೂತು ಲೆಕ್ಕ ಹಾಕಿದೆವು. ಸಿಕ್ಕೇ ಸಿಗುತ್ತದೆ ಅಂದುಕೊಂಡಿದ್ದ ನರ್ಸಿಂಗ್‌ಗೆ ಅವಳು ಅರ್ಹಳೇ ಆಗಿರಲಿಲ್ಲ. ಆಗಲ್ಲ ಅಂತ ಬಿಟ್ಟಿದ್ದ ಎಂಜಿನಿಯರಿಂಗ್‌ಗೆ ಅರ್ಹಳಾಗಿದ್ದಳು. ಹೇಗೆ ಅನ್ನೋದನ್ನು 3ನೇ ಹಂತದಲ್ಲಿ ಬಿಡಿಸಿ ಹೇಳಿದ್ದೇನೆ.

ಪ್ರತಿ ವರ್ಷ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಇದೇ ತಪ್ಪು ನೋಡುತ್ತೇನೆ. ಎಲ್ಲರೂ ಕಟ್ ಆಫ್ ರ‍್ಯಾಂಕ್ ಹುಡುಕುತ್ತಾ ಕೂರುತ್ತಾರೆ. ಆದರೆ ಅರ್ಹತೆ ಬೇರೆ, ರ‍್ಯಾಂಕ್ ಬೇರೆ. ಅರ್ಹತೆ ಇಲ್ಲದಿದ್ದರೆ ರ‍್ಯಾಂಕ್ ಎಷ್ಟು ಚೆನ್ನಾಗಿದ್ದರೂ ದಾಖಲೆ ಪರಿಶೀಲನೆಯಲ್ಲೇ ನಿಂತುಹೋಗುತ್ತೀರಿ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದೆ ಮುಂದೆ ಮಾಡಬೇಡಿ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಒಂದು ಉದ್ದನೆಯ ನೋಟ್‌ಬುಕ್, ಕ್ಯಾಲ್ಕುಲೇಟರ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡ್, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಜೊತೆಗೆ ಈ ವರ್ಷದ ಮಾಹಿತಿ ಪುಸ್ತಕಗಳು: ಕೆಇಎಯ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸಿಇಟಿ ಪುಸ್ತಕ, ಎನ್‌ಟಿಎಯ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನೀಟ್ ಪುಸ್ತಕ, ಬೇಕಿದ್ದರೆ ಕಾಮೆಡ್‌ಕೆ ಮತ್ತು ಜೆಇಇ ಮೇನ್ ಪುಸ್ತಕ. ಎಲ್ಲವೂ ಅವರವರ ವೆಬ್‌ಸೈಟಲ್ಲಿ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ಹೋದ ವರ್ಷದ್ದು ಬೇಡ. ಸೀನಿಯರ್ ಕಳಿಸಿದ ಸ್ಕ್ರೀನ್‌ಶಾಟ್ ಅಂತೂ ಬೇಡವೇ ಬೇಡ.

ನೋಟ್‌ಬುಕ್ ಅಡ್ಡ ಇಟ್ಟು ಆರು ಕಾಲಂ ಗೆರೆ ಹಾಕಿ: ಕೋರ್ಸ್, ಬೇಕಾದ ವಿಷಯಗಳು, ಕನಿಷ್ಠ ಪರ್ಸೆಂಟೇಜ್, ವಯಸ್ಸು, ಪರೀಕ್ಷೆ, ಪಿಯುಸಿ ಅಂಕಕ್ಕೆ ಎಷ್ಟು ಬೆಲೆ. ಒಂದೊಂದು ಕೋರ್ಸಿಗೆ ಒಂದೊಂದು ಸಾಲು. ಮೊಬೈಲಲ್ಲಿ ನೋಡಿಕೊಂಡರೆ ಸಾಕು ಅನಿಸಬಹುದು, ಆದರೆ ಕೈಯಲ್ಲಿ ಬರೆದಾಗ ಮಾತ್ರ ಖಾಲಿ ಉಳಿದ ಜಾಗ ಕಣ್ಣಿಗೆ ಬೀಳುತ್ತದೆ.

## ಹಂತ 1: "ಕಂಪ್ಯೂಟರ್", "ಮೆಡಿಕಲ್" ಅನ್ನುವ ಪದ ಬಿಡಿ, ಕೋರ್ಸಿನ ಪೂರ್ತಿ ಹೆಸರು ಬರೆಯಿರಿ

"ಮಗಳನ್ನು ಮೆಡಿಕಲ್ ಲೈನಿಗೆ ಹಾಕ್ಬೇಕು" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಎಂಬಿಬಿಎಸ್, ಬಿಡಿಎಸ್ (ದಂತ ವೈದ್ಯ), ಬಿಎಎಂಎಸ್ (ಆಯುರ್ವೇದ), ಬಿಎಚ್‌ಎಂಎಸ್ (ಹೋಮಿಯೋಪಥಿ), ಬಿ.ಎಸ್ಸಿ. ನರ್ಸಿಂಗ್, ಜಿಎನ್‌ಎಂ, ಬಿ.ಫಾರ್ಮ, ಫಾರ್ಮ ಡಿ, ಬಿಪಿಟಿ (ಫಿಸಿಯೋಥೆರಪಿ), ಲ್ಯಾಬ್ ಟೆಕ್ನಾಲಜಿ, ಎಕ್ಸ್‌ರೇ ಇಮೇಜಿಂಗ್, ಅನಸ್ತೇಷಿಯಾ ಟೆಕ್ನಾಲಜಿ. ಇವೆಲ್ಲ ಆಸ್ಪತ್ರೆಯ ಕೆಲಸಗಳೇ, ಆದರೆ ಎಲ್ಲವಕ್ಕೂ ಒಂದೇ ಪ್ರವೇಶ ನಿಯಮ ಇಲ್ಲ.

ಕಂಪ್ಯೂಟರ್ ಕಡೆಯೂ ಹಾಗೇ. ಬಿಇ ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಎಐ ಮತ್ತು ಮಷೀನ್ ಲರ್ನಿಂಗ್, ಡೇಟಾ ಸೈನ್ಸ್ ಇವೆಲ್ಲ ಎಂಜಿನಿಯರಿಂಗ್ ಬ್ರಾಂಚ್‌ಗಳು, ಪ್ರವೇಶದ ನಿಯಮ ಒಂದೇ. ಬಿಸಿಎ ಮತ್ತು ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಪೂರ್ತಿ ಬೇರೆ ದಾರಿ. ಅವು ಡಿಗ್ರಿ ಕಾಲೇಜಿನವು.

ಎರಡೂ ಕಡೆಯಿಂದ ಕನಿಷ್ಠ ಮೂರು ಮೂರು ಕೋರ್ಸ್ ಬರೆಯಿರಿ. ಒಂದು ತುಂಬಾ ಬೇಕಾದದ್ದು, ಒಂದು ಸಿಗಬಹುದಾದದ್ದು, ಒಂದು ಸಿಕ್ಕೇ ಸಿಗುತ್ತದೆ ಅನಿಸಿದ್ದು. ಎಂಬಿಬಿಎಸ್ ಎದುರಿಗೆ ಬಿಇ ಅಂತ ಒಂದೊಂದೇ ಇಟ್ಟುಕೊಂಡು ಹೋಲಿಸಿದವರು ಎರಡೂ ಕೈತಪ್ಪಿದಾಗ ಜುಲೈನಲ್ಲಿ ದಿಕ್ಕು ತೋಚದೆ ಕೂರುತ್ತಾರೆ, ಯಾಕಂದ್ರೆ ಅಷ್ಟೊತ್ತಿಗೆ ಮೂರನೇ ದಾರಿಯ ಅರ್ಜಿ ತಾರೀಕು ಮುಗಿದಿರುತ್ತದೆ.

## ಹಂತ 2: ವಿಷಯಗಳು ಹೊಂದುತ್ತವಾ ನೋಡಿ

ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ಅನ್ನೋದು ಮೊದಲ ಜರಡಿ.

ಬಿಇಗೆ ಫಿಸಿಕ್ಸ್ ಮತ್ತು ಮ್ಯಾತ್ಸ್ ಕಡ್ಡಾಯ. ಮೂರನೆಯದಾಗಿ ಕೆಮಿಸ್ಟ್ರಿ, ಬಯಾಲಜಿ, ಬಯೋಟೆಕ್ನಾಲಜಿ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಇವುಗಳಲ್ಲಿ ಒಂದು ಇದ್ದರೆ ಅರ್ಹತೆಗೆ ಸಾಕು. ತುಂಬಾ ಜನರಿಗೆ ಇದು ಗೊತ್ತಿಲ್ಲ. ಇನ್ನೊಂದು ಮಾತು: ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಅಂತೇನೂ ಇಲ್ಲ. ಪಿಸಿಎಂಬಿಯವರು ಕಂಪ್ಯೂಟರ್ ಸೈನ್ಸ್ ಬ್ರಾಂಚ್‌ಗೆ ಆರಾಮಾಗಿ ಹೋಗಬಹುದು.

ಎಂಬಿಬಿಎಸ್, ಬಿಡಿಎಸ್ ಮತ್ತು ಬಿ.ಎಸ್ಸಿ. ನರ್ಸಿಂಗ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು, ಇಂಗ್ಲಿಷ್ ಪಾಸಾಗಿರಬೇಕು. ಇಲ್ಲಿ ಮ್ಯಾತ್ಸ್ ಕೇಳುವುದಿಲ್ಲ.

ಪಿಸಿಎಂಸಿ (ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್) ಓದಿದವರಿಗೆ ಆರೋಗ್ಯದ ಕಡೆ ಎಲ್ಲ ಬಾಗಿಲೂ ಮುಚ್ಚಿದೆ ಅಂತ ಕಾಲೇಜುಗಳಲ್ಲೇ ಹೇಳಿ ಕಳಿಸುತ್ತಾರೆ. ಅದು ತಪ್ಪು. ಬಿ.ಫಾರ್ಮಗೆ ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಮ್ಯಾತ್ಸ್ ಅಥವಾ ಬಯಾಲಜಿ ಯಾವುದಾದರೂ ನಡೆಯುತ್ತದೆ. ಫಾರ್ಮ ಡಿಗೂ ಹಾಗೇ. ಬಯಾಲಜಿ ಓದದವರು ಡಾಕ್ಟರೇ ಆಗಬೇಕು ಅಂದರೂ ಈಗ ಒಂದು ದಾರಿ ಇದೆ. ನ್ಯಾಷನಲ್ ಮೆಡಿಕಲ್ ಕಮಿಷನ್ 2023ರ ನವೆಂಬರ್‌ನಲ್ಲಿ ಹೊರಡಿಸಿದ ಪ್ರಕಟಣೆಯಂತೆ, 12ನೇ ತರಗತಿ ಮುಗಿದ ಮೇಲೆ ಮಾನ್ಯತೆ ಇರುವ ಬೋರ್ಡಿನಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸ್ ಮಾಡಿದವರೂ ನೀಟ್ ಬರೆಯಬಹುದು. ಇದನ್ನು ನರ್ಸಿಂಗ್‌ಗೂ ಅನ್ವಯಿಸಿಕೊಂಡು ಬಿಡಬೇಡಿ. ಅದರ ನಿಯಮ ಮಾಡುವವರು ಬೇರೆಯವರು.

ಜಿಎನ್‌ಎಂ ಕಥೆಯೇ ಬೇರೆ. ಇದು ನರ್ಸಿಂಗ್ ಡಿಪ್ಲೊಮಾ. ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ಆದರೆ ಬಿ.ಎಸ್ಸಿ. ನರ್ಸಿಂಗ್ ಸೀಟು ಕೊಡಿಸ್ತೀವಿ ಅಂತ ಕರೆದು ಜಿಎನ್‌ಎಂಗೆ ಸೇರಿಸುವವರೂ ಇದ್ದಾರೆ, ಹಣ ಕಟ್ಟುವ ಮುಂಚೆ ಅರ್ಜಿಯಲ್ಲಿ ಯಾವ ಹೆಸರಿದೆ ಅಂತ ನೀವೇ ಓದಿ.

ಬಿಸಿಎ ವಿಷಯದಲ್ಲಿ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ವ್ಯತ್ಯಾಸ ಇದೆ. ಕೆಲವು ಕಡೆ ಯಾವ ವಿಭಾಗ ಓದಿದ್ದರೂ ಸರಿ, ಕೆಲವು ಕಡೆ ಪಿಯುಸಿಯಲ್ಲಿ ಮ್ಯಾತ್ಸ್ ಅಥವಾ ಅದಕ್ಕೆ ಹತ್ತಿರದ ವಿಷಯ ಕೇಳುತ್ತಾರೆ. 2024-25ರಿಂದ ಬಿಸಿಎ ಕೂಡ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಅನುಮೋದನೆಯಡಿ ಬಂದಿದೆ. ಹಾಗಾಗಿ ಅದಕ್ಕೂ ಮುಂಚೆ ಅಣ್ಣ ಸೇರಿದಾಗ ಇದ್ದ ನಿಯಮವೇ ಈಗಲೂ ಇದೆ ಅಂದುಕೊಳ್ಳಬೇಡಿ.

## ಹಂತ 3: ಕನಿಷ್ಠ ಪರ್ಸೆಂಟೇಜ್ ಲೆಕ್ಕ, ಎಲ್ಲರೂ ಎಡವುವ ಜಾಗ

ಮಾರ್ಕ್ಸ್ ಕಾರ್ಡಿನ ಕೊನೆಯಲ್ಲಿ ಇರುವ ಒಟ್ಟು ಪರ್ಸೆಂಟೇಜನ್ನು ಮರೆತುಬಿಡಿ. ಸಿಇಟಿಯ ಬಿಇ, ನರ್ಸಿಂಗ್‌ಗೆ, ನೀಟ್‌ನ ಎಂಬಿಬಿಎಸ್‌ಗೆ ಅದು ಲೆಕ್ಕಕ್ಕಿಲ್ಲ. ಆ ಕೋರ್ಸ್ ಕೇಳುವ ಮೂರು ವಿಷಯಗಳನ್ನು ಮಾತ್ರ ಕೂಡಿ, 300ಕ್ಕೆ ಎಷ್ಟು ಪರ್ಸೆಂಟ್ ಅಂತ ಲೆಕ್ಕ ಹಾಕಿ.

ಬಿಇಗೆ ಸಾಮಾನ್ಯ ವರ್ಗದವರಿಗೆ 45 ಪರ್ಸೆಂಟ್ ಬೇಕು. ಎಸ್‌ಸಿ, ಎಸ್‌ಟಿ, ಪ್ರವರ್ಗ 1, 2ಎ, 2ಬಿ, 3ಎ, 3ಬಿಯವರಿಗೆ 40. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಸಿಬಿಯಲ್ಲಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) 45, ಮೀಸಲಾತಿ ಇದ್ದವರಿಗೆ ಎಷ್ಟು ರಿಯಾಯಿತಿ ಅಂತ ಆ ವರ್ಷದ ಪುಸ್ತಕದಲ್ಲಿ ನೋಡಿ ಬರೆದುಕೊಳ್ಳಿ. ಎಂಬಿಬಿಎಸ್‌ಗೆ ಪಿಸಿಬಿಯಲ್ಲಿ ಸಾಮಾನ್ಯ ವರ್ಗಕ್ಕೆ 50, ಎಸ್‌ಸಿ, ಎಸ್‌ಟಿ, ಒಬಿಸಿಗೆ 40.

ಈಗ ಆ ಹುಡುಗಿಯ ಲೆಕ್ಕಕ್ಕೆ ಬರೋಣ. ಅವಳು ಸಾಮಾನ್ಯ ವರ್ಗ.

ನರ್ಸಿಂಗ್‌ಗೆ: ಫಿಸಿಕ್ಸ್ 38, ಕೆಮಿಸ್ಟ್ರಿ 41, ಬಯಾಲಜಿ 52. ಕೂಡಿದರೆ 131. ಬೇಕಾದದ್ದು 135. ನಾಲ್ಕೇ ಅಂಕ ಕಮ್ಮಿ, ಆದರೂ ಅನರ್ಹ. ಕನ್ನಡದ 92 ಇಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಬಿಇಗೆ: ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಕೂಡಿದರೆ 129. ಇದೂ ಸಾಲದು. ಅವರ ಮನೆಯಲ್ಲಿ ಇಷ್ಟಕ್ಕೇ ನಿಲ್ಲಿಸಿದ್ದರು. ಆದರೆ ಮೂರನೇ ವಿಷಯವಾಗಿ ಕೆಮಿಸ್ಟ್ರಿಯ ಬದಲು ಬಯಾಲಜಿ ಹಿಡಿದರೆ 38, 50, 52 ಸೇರಿ 140, ಅಂದರೆ 46.67 ಪರ್ಸೆಂಟ್. ಅರ್ಹಳು!

ಇದನ್ನು ನೋಡಿ ಅವಳ ಅಪ್ಪ ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ಓದಿದರು. ಅವರು ಕೇಳಿದ್ದು ಒಂದೇ: "ಇದನ್ನ ಯಾಕೆ ಸರ್ ಯಾರೂ ಹೇಳಲ್ಲ?" ಅವತ್ತೇ ಇದನ್ನೆಲ್ಲ ಬರೆದಿಡಬೇಕು ಅನಿಸಿತು.

ಒಂದು ಎಚ್ಚರಿಕೆ. ಬಯಾಲಜಿ ಹಿಡಿದದ್ದು ಅರ್ಹತೆಗೆ ಮಾತ್ರ. ಬಿಇಗಾಗಿ ಸಿಇಟಿಯಲ್ಲಿ ಬರೆಯಬೇಕಾದ ಪತ್ರಿಕೆಗಳು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್. ಕೆಮಿಸ್ಟ್ರಿಯಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ.

ಇನ್ನು ನಾಲ್ಕೈದು ಅಂಕ ಕಮ್ಮಿ ಬಿದ್ದವರು ವರ್ಷ ಹೋಯ್ತು ಅಂತ ಕೂರಬೇಡಿ. 2024ರಿಂದ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳೋಕೆ ಎರಡನೇ ಪರೀಕ್ಷೆ ಬರೆಯಬಹುದು. ಆದರೆ ಅರ್ಜಿ ಹಾಕಲು ಸಿಗುವುದು ಕೆಲವೇ ದಿನ, ರಿಸಲ್ಟ್ ಬಂದ ವಾರದಲ್ಲೇ ಈ ಲೆಕ್ಕ ಮುಗಿಸಿರಬೇಕು. ಆ ಹುಡುಗಿ ಫಿಸಿಕ್ಸ್ ಒಂದನ್ನೇ ಮತ್ತೆ ಬರೆದಳು, 47 ಬಂತು. ಪಿಸಿಬಿ 140 ಆಯಿತು, ನರ್ಸಿಂಗ್ ಬಾಗಿಲೂ ತೆರೆಯಿತು.

ಸಿಬಿಎಸ್‌ಇಯವರೂ ಇದೇ ಲೆಕ್ಕ ಹಾಕಿ. "ಬೆಸ್ಟ್ ಆಫ್ ಫೈವ್" ಪರ್ಸೆಂಟೇಜ್ ಇಲ್ಲಿ ಕೆಲಸಕ್ಕೆ ಬರಲ್ಲ.

## ಹಂತ 4: ವಯಸ್ಸು

ಚಿಕ್ಕ ಹಂತ, ಆದರೆ ಬಿಟ್ಟರೆ ವರ್ಷವೇ ಹೋಗುತ್ತದೆ. ಎಂಬಿಬಿಎಸ್‌ಗೂ ಬಿ.ಎಸ್ಸಿ. ನರ್ಸಿಂಗ್‌ಗೂ ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಸಿಇಟಿ ಮೂಲಕ ಬಿಇ ಸೇರಲು ಹೀಗೆ ವಯಸ್ಸಿನ ಕಟ್ಟಳೆ ಇಲ್ಲ. ಬೇಗ ಶಾಲೆಗೆ ಹಾಕಿದ ಮಕ್ಕಳ ವಿಷಯದಲ್ಲಿ, ಅದರಲ್ಲೂ ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರಿದ್ದರೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿರುವ ಜನ್ಮ ದಿನಾಂಕವನ್ನು ಒಮ್ಮೆ ನೋಡಿ. ಮೂರು ದಿನ ಕಮ್ಮಿ ಇದ್ದರೂ ಆ ವರ್ಷ ಆಗಲ್ಲ.

## ಹಂತ 5: ಯಾವ ಪರೀಕ್ಷೆ, ಅದರಲ್ಲಿ ಪಿಯುಸಿ ಅಂಕಕ್ಕೆ ಎಷ್ಟು ಬೆಲೆ

ಎರಡು ಕಡೆಯ ನಿಯಮಗಳ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. ನಿಮ್ಮ ಓದಿನ ಸಮಯವನ್ನು ಎಲ್ಲಿ ಹಾಕಬೇಕು ಅನ್ನೋದೂ ಇದರ ಮೇಲೆಯೇ ನಿಂತಿದೆ.

ಸಿಇಟಿಯಲ್ಲಿ ಎಂಜಿನಿಯರಿಂಗ್: ಪಿಯುಸಿ ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಲೆಕ್ಕ ನೋಡಿ. ಒಬ್ಬನಿಗೆ ಪಿಯುಸಿ ಪಿಸಿಎಂನಲ್ಲಿ 300ಕ್ಕೆ 257, ಸಿಇಟಿಯಲ್ಲಿ 180ಕ್ಕೆ 103. ಪಿಯುಸಿ 85.67ರ ಅರ್ಧ 42.83, ಸಿಇಟಿ 57.22ರ ಅರ್ಧ 28.61. ಒಟ್ಟು 71.44. ಇನ್ನೊಬ್ಬನಿಗೆ ಪಿಯುಸಿಯಲ್ಲಿ 285, ಸಿಇಟಿಯಲ್ಲಿ 85. ಅವನದು 47.5 ಮತ್ತು 23.61 ಸೇರಿ 71.11. ಸಿಇಟಿಯಲ್ಲಿ 18 ಪ್ರಶ್ನೆ ಕಮ್ಮಿ ಮಾಡಿಯೂ ಎರಡನೆಯವನು ಹೆಚ್ಚುಕಮ್ಮಿ ಅಲ್ಲೇ ಬಂದು ನಿಂತ. ಅಂದರೆ ಕಂಪ್ಯೂಟರ್ ಸೈನ್ಸ್ ಬೇಕು ಅನ್ನುವವರು ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಲೇಬಾರದು.

ನೀಟ್: ಇಲ್ಲಿ ಪಿಯುಸಿ ಅಂಕ ಬರೀ ಗೇಟ್ ಪಾಸ್. ಎಂಬಿಬಿಎಸ್‌ಗೆ 50 ಪರ್ಸೆಂಟ್ ದಾಟಿದ ಮೇಲೆ 51 ಬಂದವರೂ 99 ಬಂದವರೂ ಒಂದೇ. ರ‍್ಯಾಂಕ್ ಪೂರ್ತಿ ನೀಟ್ ಮೇಲೆ. 180 ಪ್ರಶ್ನೆ, 3 ಗಂಟೆ, 720 ಅಂಕ. ಸರಿಗೆ 4, ತಪ್ಪಿಗೆ 1 ಕಳೆಯುತ್ತಾರೆ. 720ರಲ್ಲಿ 360 ಅಂಕ ಬಯಾಲಜಿಯದೇ. ಎಂಬಿಬಿಎಸ್ ಮತ್ತು ಬಿಡಿಎಸ್‌ಗೆ ಮಾತ್ರ ಅಲ್ಲ, ಬಿಎಎಂಎಸ್, ಬಿಎಚ್‌ಎಂಎಸ್‌ಗೂ ನೀಟ್ ಬೇಕು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಅರ್ಜಿ ಹಾಕುವಾಗಲೇ ಭಾಷೆ ಆರಿಸಬೇಕು.

ಇಲ್ಲಿ ಒಂದು ಗೊಂದಲ ಪ್ರತಿ ವರ್ಷ ಬರುತ್ತದೆ. "ನೀಟ್ ಕ್ವಾಲಿಫೈ ಆಗಿದೆ, ಸೀಟು ಗ್ಯಾರಂಟಿ" ಅಂದುಕೊಳ್ಳುತ್ತಾರೆ. ಕ್ವಾಲಿಫೈ ಆಗಲು ಸಾಮಾನ್ಯ ವರ್ಗಕ್ಕೆ ಬೇಕಾದದ್ದು 50ನೇ ಪರ್ಸೆಂಟೈಲ್ (ಬರೆದವರಲ್ಲಿ ಅರ್ಧ ಜನರಿಗಿಂತ ಮೇಲೆ ಇರುವುದು), 50 ಪರ್ಸೆಂಟ್ ಅಂಕ ಅಲ್ಲ. 2025ರಲ್ಲಿ ಅದು 720ಕ್ಕೆ 144 ಇತ್ತು. ಅಷ್ಟು ಅಂಕಕ್ಕೆ ಸರ್ಕಾರಿ ಕೋಟಾದಲ್ಲಿ ಎಂಬಿಬಿಎಸ್ ಸೀಟು ಕನಸಿನ ಮಾತು. ಕ್ವಾಲಿಫೈ ಅಂದರೆ ಕೌನ್ಸೆಲಿಂಗ್‌ಗೆ ಕೂರಬಹುದು ಅಂತ, ಅಷ್ಟೇ.

ಬಿ.ಎಸ್ಸಿ. ನರ್ಸಿಂಗ್: ಕರ್ನಾಟಕದಲ್ಲಿ ಈಗ ಸಿಇಟಿ ಮೂಲಕ. ಅಂದರೆ ಸಿಇಟಿಯಲ್ಲಿ ಬಯಾಲಜಿ ಪತ್ರಿಕೆ ಬರೆದಿರಲೇಬೇಕು. ನೀಟ್ ಬರೆದಿದ್ದೀನಲ್ಲ ಅಂತ ಸಿಇಟಿ ಬಯಾಲಜಿ ಬಿಟ್ಟು ಮನೆಗೆ ಬಂದವರು ನನಗೆ ಗೊತ್ತಿರುವ ಹಾಗೆ ಒಬ್ಬಿಬ್ಬರಲ್ಲ. ಪಿಸಿಎಂಬಿಯವರು ನಾಲ್ಕೂ ಪತ್ರಿಕೆ ಬರೆಯಿರಿ, ಇನ್ನೊಂದು 80 ನಿಮಿಷ ಕೂತರೆ ಏನೂ ಹೋಗಲ್ಲ.

ಕಾಮೆಡ್‌ಕೆ: ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪರೀಕ್ಷೆ. ಪಿಸಿಎಂ, 180 ಪ್ರಶ್ನೆ, 180 ನಿಮಿಷ, ನೆಗೆಟಿವ್ ಇಲ್ಲ. ರ‍್ಯಾಂಕ್ ಪೂರ್ತಿ ಪರೀಕ್ಷೆಯ ಮೇಲೆ. ಬೋರ್ಡಿನಲ್ಲಿ ಅಂಕ ಕಮ್ಮಿ ಆಗಿ ಪರೀಕ್ಷೆ ಚೆನ್ನಾಗಿ ಬರೆಯುವವರಿಗೆ ಒಳ್ಳೆಯ ದಾರಿ, ಆದರೆ ಫೀಸು ಸಿಇಟಿ ಸೀಟಿಗಿಂತ ಜಾಸ್ತಿ.

ಜೆಇಇ ಮೇನ್: ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡ ಮತ್ತು ರಾಯಚೂರಿನ ಐಐಐಟಿ ಬೇಕು ಅನ್ನುವವರಿಗೆ. ಇಲ್ಲಿ ಸಾಮಾನ್ಯ ವರ್ಗಕ್ಕೆ 12ನೇ ತರಗತಿಯಲ್ಲಿ 75 ಪರ್ಸೆಂಟ್, ಎಸ್‌ಸಿ, ಎಸ್‌ಟಿಗೆ 65 ಬೇಕು, ಇಲ್ಲವೇ ತಮ್ಮ ಬೋರ್ಡಿನ ಮೊದಲ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಧಾರವಾಡದ ಐಐಟಿಗಾದರೆ ಮುಂದೆ ಜೆಇಇ ಅಡ್ವಾನ್ಸ್‌ಡ್ ಕೂಡ ಬರೆಯಬೇಕು.

ಬಿಸಿಎ: ಹೆಚ್ಚಿನ ಕಡೆ ಪಿಯುಸಿ ಅಂಕದ ಮೆರಿಟ್. ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ತಮ್ಮದೇ ಪರೀಕ್ಷೆ ಇಡುತ್ತವೆ.

ಬಿಪಿಟಿ, ಲ್ಯಾಬ್ ಟೆಕ್ನಾಲಜಿ ಥರದವು: 2021ರಲ್ಲಿ ಅಲೈಡ್ ಹೆಲ್ತ್ ಕೋರ್ಸ್‌ಗಳಿಗೆ ಪ್ರತ್ಯೇಕ ಕೇಂದ್ರ ಕಾಯ್ದೆ ಬಂತು. ಅಲ್ಲಿಂದ ಸಿಲಬಸ್, ಪ್ರವೇಶ ನಿಯಮ ಎಲ್ಲ ಬದಲಾಗುತ್ತಾ ಇದೆ. ಈ ಸಾಲುಗಳನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆಯಿರಿ, ಮತ್ತು ಸಿಇಟಿ, ನೀಟ್ ಎರಡಕ್ಕೂ ಅರ್ಜಿ ಹಾಕಿಟ್ಟುಕೊಳ್ಳಿ. ಯಾವ ನಿಯಮ ಬಂದರೂ ನೀವು ಹೊರಗೆ ಉಳಿಯಲ್ಲ.

## ಹಂತ 6: ಕರ್ನಾಟಕದ ಸೀಟಿಗೆ ನೀವು ಸೇರುತ್ತೀರಾ

ಪಿಯುಸಿ ಇಲ್ಲಿ ಓದಿದ್ದೇನೆ ಅಂದರೆ ಸಾಲದು. ಸಾಮಾನ್ಯವಾಗಿ ಹಿಡಿಯುವ ನಿಯಮ ಇದು: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಒಟ್ಟು ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯಲ್ಲಿ ಒಂದನ್ನು ಇಲ್ಲಿಂದ ಪಾಸ್ ಮಾಡಿರಬೇಕು. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು.

ಹೊರಗಿರುವ ಕನ್ನಡಿಗರೂ ಇದನ್ನು ಓದುತ್ತಿದ್ದರೆ ಗಮನಿಸಿ. ಹೊರನಾಡು ಕನ್ನಡಿಗ ಮತ್ತು ಗಡಿನಾಡು ಕನ್ನಡಿಗ ಅನ್ನುವ ಪ್ರತ್ಯೇಕ ಷರತ್ತುಗಳಿವೆ. ಕಾಸರಗೋಡು, ಮಂಜೇಶ್ವರ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಮಕ್ಕಳು ಗಡಿನಾಡು ಷರತ್ತಿನಲ್ಲಿ ಬರುತ್ತಾರೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆ ಆಗಿರಬೇಕು, ಕೆಇಎ ನಡೆಸುವ ಕನ್ನಡ ಪರೀಕ್ಷೆಯಲ್ಲಿ ಪಾಸಾಗಬೇಕು. ಆ ಪರೀಕ್ಷೆಗೆ ಹಾಜರಾಗದೆ ಅವಕಾಶ ಕಳೆದುಕೊಳ್ಳಬೇಡಿ.

ಮೀಸಲಾತಿ ಪತ್ರಗಳಲ್ಲಿ ಜನ ಹೆಚ್ಚು ಎಡವುವುದು ಈ ಮೂರರಲ್ಲಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ, ಎರಡಕ್ಕೂ 1ರಿಂದ 10ನೇ ತರಗತಿ ಪೂರ್ತಿ ಹತ್ತು ವರ್ಷ ಬೇಕು, ಒಂದು ವರ್ಷ ಪಟ್ಟಣದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದರೂ ಸಿಗಲ್ಲ. ಮೂರನೆಯದು ಸಂವಿಧಾನದ 371ಜೆ ವಿಧಿಯ ಮೀಸಲಾತಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ. ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಜನವರಿಗೂ ಮುಂಚೆ ಅರ್ಜಿ ಕೊಡಿ.

ಜಾತಿ ಮತ್ತು ಆದಾಯ ಪತ್ರದಲ್ಲಿ ಆರ್‌ಡಿ ನಂಬರ್ ಇರುತ್ತದೆ. ಅದನ್ನು ಸಿಇಟಿ ಅರ್ಜಿಯಲ್ಲಿ ಹಾಕಿದಾಗ ತೆರೆ ಮೇಲೆ ಬರುವ ಹೆಸರು, ಪ್ರವರ್ಗ ಎರಡನ್ನೂ ಓದಿ. ಅಪ್ಪನ ಹೆಸರಿನ ಪತ್ರದ ನಂಬರ್ ಹಾಕಿ ಸುಮ್ನೆ ಮುಂದೆ ಹೋದವರು ಆಮೇಲೆ ಸಾಮಾನ್ಯ ವರ್ಗಕ್ಕೆ ಬಿದ್ದು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ.

## ಹಂತ 7: ಅರ್ಜಿಗಳು, ಒಂದಲ್ಲ ಮೂರು ನಾಲ್ಕು

ಜೆಇಇ ಮೇನ್ ಅರ್ಜಿ ಪರೀಕ್ಷೆಯ ಹಿಂದಿನ ವರ್ಷದ ಕೊನೆಯಲ್ಲೇ ಶುರುವಾಗುತ್ತದೆ. ಸಿಇಟಿ ಜನವರಿ, ಫೆಬ್ರವರಿ ಸುಮಾರಿಗೆ. ನೀಟ್, ಕಾಮೆಡ್‌ಕೆ ಫೆಬ್ರವರಿ, ಮಾರ್ಚ್. ಸಿಇಟಿ ಏಪ್ರಿಲ್‌ನಲ್ಲಿ, ನೀಟ್ ಮೇ ಮೊದಲ ಭಾನುವಾರದ ಹೊತ್ತಿಗೆ ನಡೆದು ಬಂದಿವೆ. ನಿಖರ ತಾರೀಕನ್ನು ಆಯಾ ವೆಬ್‌ಸೈಟ್ ನೋಡಿಯೇ ಕ್ಯಾಲೆಂಡರಲ್ಲಿ ಗುರುತು ಹಾಕಿ.

ಅರ್ಜಿಯಲ್ಲಿ ಆಗುವ ತಪ್ಪುಗಳಲ್ಲಿ ಮೊಬೈಲ್ ನಂಬರ್ ತಪ್ಪು ದೊಡ್ಡದು. ಸೈಬರ್ ಸೆಂಟರಿಗೆ ಹೋದಾಗ ಅಲ್ಲಿಯ ಹುಡುಗ ಬೇಗ ಮುಗಿಸಲು ತನ್ನ ನಂಬರ್, ತನ್ನ ಇಮೇಲ್ ಹಾಕಿಬಿಡುತ್ತಾನೆ. ಜುಲೈನಲ್ಲಿ ಒಟಿಪಿ ಅವನ ಫೋನಿಗೆ ಹೋಗುತ್ತದೆ, ಅವನು ಅಂಗಡಿ ಮುಚ್ಚಿ ಊರಿಗೆ ಹೋಗಿರುತ್ತಾನೆ, ಸೀಟು ಒಪ್ಪಿಕೊಳ್ಳಲು ನಿಮಗೆ ಉಳಿದಿರುವುದು ಒಂದು ದಿನ. ನಿಮ್ಮ ಮನೆಯ ನಂಬರೇ ಹಾಕಿಸಿ, ಪ್ರವೇಶ ಮುಗಿಯುವ ತನಕ ಆ ಸಿಮ್ ಬದಲಿಸಬೇಡಿ, ಪಾಸ್‌ವರ್ಡನ್ನು ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಿರಿ.

ಹೆಸರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹಾಗೇ ಇರಲಿ. ಆಧಾರ್‌ನಲ್ಲಿ ಇನಿಶಿಯಲ್ ಬೇರೆ ಇದ್ದರೆ ಅರ್ಜಿ ಶುರುವಾಗುವ ಮುಂಚೆಯೇ ಸರಿಪಡಿಸಿ.

ಇನ್ನು ಅತಿ ಮುಖ್ಯವಾದ ಮಾತು. ನೀಟ್ ಬರೆದರೆ ಕರ್ನಾಟಕದ ಮೆಡಿಕಲ್ ಸೀಟಿಗೆ ಅರ್ಜಿ ಹಾಕಿದ ಹಾಗೆ ಆಗಲಿಲ್ಲ. ಎನ್‌ಟಿಎ ಪರೀಕ್ಷೆ ನಡೆಸುತ್ತದೆ ಅಷ್ಟೇ. ರಾಜ್ಯದ ಕೋಟಾಗೆ ಕೆಇಎಯಲ್ಲಿ ನೋಂದಣಿ ಮಾಡಿ, ಅಲ್ಲಿ ನೀಟ್ ವಿವರ ಸೇರಿಸಬೇಕು. ಸರ್ಕಾರಿ ಮೆಡಿಕಲ್ ಕಾಲೇಜುಗಳ 15 ಪರ್ಸೆಂಟ್ ಅಖಿಲ ಭಾರತ ಕೋಟಾಗೆ ಎಂಸಿಸಿ (ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ) ವೆಬ್‌ಸೈಟಲ್ಲಿ ಮತ್ತೆ ಬೇರೆ ನೋಂದಣಿ. ಎಂಜಿನಿಯರಿಂಗ್ ಕಡೆ ಹೀಗಿಲ್ಲ, ಸಿಇಟಿ ಬರೆಸುವವರೂ ಸೀಟು ಹಂಚುವವರೂ ಕೆಇಎಯೇ.

## ಹಂತ 8: ಕಾಲೇಜಿಗೆ ಮಾನ್ಯತೆ ಇದೆಯಾ

ಬಿಇಗೆ ಎಐಸಿಟಿಇ ಅನುಮೋದನೆ ಮತ್ತು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಥವಾ ಬೇರೆ ವಿಶ್ವವಿದ್ಯಾಲಯದ ಸಂಯೋಜನೆ ನೋಡಿ. ಆರೋಗ್ಯದ ಕಡೆ ಒಂದು ಹೆಜ್ಜೆ ಜಾಸ್ತಿ ಇದೆ, ಯಾಕಂದ್ರೆ ಓದು ಮುಗಿದ ಮೇಲೆ ಕೆಲಸ ಮಾಡಲು ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಎಂಬಿಬಿಎಸ್‌ಗೆ ನ್ಯಾಷನಲ್ ಮೆಡಿಕಲ್ ಕಮಿಷನ್, ನರ್ಸಿಂಗ್‌ಗೆ ನರ್ಸಿಂಗ್ ಕೌನ್ಸಿಲ್, ಫಾರ್ಮಸಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜಾದರೆ ಅದರ ವೆಬ್‌ಸೈಟಿನ ಪಟ್ಟಿಯಲ್ಲಿ ಕಾಲೇಜಿನ ಹೆಸರು, ಕೋರ್ಸಿನ ಹೆಸರು, ಈ ವರ್ಷದ ಸೀಟು ಸಂಖ್ಯೆ ಮೂರನ್ನೂ ನೋಡಿ.

ಕಾಲೇಜಿನವರು ಅಥವಾ ಏಜೆಂಟ್ ಈ ಕೆಳಗಿನ ಮಾತು ಹೇಳಿದರೆ ಅಲ್ಲಿಂದ ಎದ್ದು ಬನ್ನಿ:

- "ಪರೀಕ್ಷೆ ಬೇಡ, ಮಾರ್ಕ್ಸ್ ಬೇಡ, ಇವತ್ತೇ ಅಡ್ವಾನ್ಸ್ ಕಟ್ಟಿ."
- "ಮಾನ್ಯತೆ ಪೇಪರ್ ಬರ್ತಾ ಇದೆ, ಅಷ್ಟರಲ್ಲಿ ಕ್ಲಾಸ್ ಶುರು ಮಾಡ್ತೀವಿ."
- "ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟುಬಿಡಿ, ಸೀಟು ಹಿಡಿದಿಡ್ತೀವಿ."

ಮೂರನೆಯದು ಸಣ್ಣದಾಗಿ ಕಾಣುತ್ತದೆ. ಆದರೆ ಒರಿಜಿನಲ್ ಒಂದು ಕಡೆ ಸಿಕ್ಕಿಹಾಕಿಕೊಂಡರೆ ಇನ್ನೊಂದು ಕಡೆಯ ಕೌನ್ಸೆಲಿಂಗ್‌ಗೆ ಹೋಗುವುದು ಹೇಗೆ?

## ಹಂತ 9: ಈಗ ಕಟ್ ಆಫ್ ನೋಡಿ, ಆಪ್ಷನ್ ಎಂಟ್ರಿ ಮಾಡಿ

ಇಷ್ಟು ಜರಡಿ ದಾಟಿ ಉಳಿದ ಕೋರ್ಸ್‌ಗಳಿಗೆ ಮಾತ್ರ ಹಿಂದಿನ ವರ್ಷದ ಕಟ್ ಆಫ್ ತೆಗೆಯಿರಿ. ನಿಮ್ಮ ಪ್ರವರ್ಗದ ಕಾಲಂ ನೋಡಿ, ಮೊದಲ ಸುತ್ತು ಮತ್ತು ಕೊನೆಯ ಸುತ್ತು ಎರಡನ್ನೂ ಬರೆಯಿರಿ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಬೇರೆ, ನರ್ಸಿಂಗ್ ರ‍್ಯಾಂಕ್ ಬೇರೆ, ನೀಟ್ ರ‍್ಯಾಂಕ್ ಇನ್ನೊಂದು. ಒಂದರ ರ‍್ಯಾಂಕ್ ಹಿಡಿದು ಇನ್ನೊಂದರ ಕಟ್ ಆಫ್ ನೋಡುವ ತಪ್ಪು ತುಂಬಾ ಸಾಮಾನ್ಯ.

ಆಪ್ಷನ್‌ಗಳನ್ನು, ಅಂದರೆ ನಿಮ್ಮ ಆಯ್ಕೆಯ ಕಾಲೇಜು ಮತ್ತು ಕೋರ್ಸ್‌ಗಳನ್ನು, ಸಿಗುವ ಕ್ರಮದಲ್ಲಿ ಅಲ್ಲ, ಬೇಕಾದ ಕ್ರಮದಲ್ಲಿ ಹಾಕಿ. ಮೇಲೆ ಇರುವುದು ಸಿಗದಿದ್ದರೆ ಕಂಪ್ಯೂಟರ್ ಕೆಳಗಿನದಕ್ಕೆ ತಾನೇ ಇಳಿಯುತ್ತದೆ, ಇದರಿಂದ ನಿಮಗೆ ನಷ್ಟ ಇಲ್ಲ. ಆದರೆ ಸೇರಲು ಇಷ್ಟವೇ ಇಲ್ಲದ ಕಾಲೇಜನ್ನು ಪಟ್ಟಿ ತುಂಬಲಿ ಅಂತ ಹಾಕಬೇಡಿ. ಮಾಕ್ ಅಲಾಟ್‌ಮೆಂಟ್ ಬಂದಾಗ ಅದು ಬರೀ ಅಂದಾಜು, ಅದನ್ನು ನೋಡಿ ಕ್ರಮ ಸರಿಪಡಿಸಿಕೊಳ್ಳಿ.

ನಿಜವಾದ ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಇರುತ್ತವೆ. ಚಾಯ್ಸ್ 1 ಅಂದರೆ ಈ ಸೀಟೇ ಸಾಕು, ಫೀಸು ಕಟ್ಟಿ ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಇರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಕೊಡಿ. ಚಾಯ್ಸ್ 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ಚಾಯ್ಸ್ 4 ಅಂದರೆ ಪೂರ್ತಿ ಹೊರಗೆ. 3 ಒತ್ತಿದರೆ ಕೈಯಲ್ಲಿರುವ ಸೀಟು ಹೋಗುತ್ತದೆ, 2 ಅಂದುಕೊಂಡು 3 ಒತ್ತಿದವರ ಮನೆಯಲ್ಲಿ ಆ ರಾತ್ರಿ ಯಾರೂ ಊಟ ಮಾಡಲ್ಲ. ಚಾಯ್ಸ್ ಒತ್ತುವಾಗ ಮನೆಯ ಇಬ್ಬರು ಪಕ್ಕದಲ್ಲಿ ಕೂತು ಓದಲಿ.

ಎರಡೂ ಕಡೆ ಆಸೆ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಕಂಪ್ಯೂಟರ್ ಕಡೆಯ ಸೀಟು ಮೊದಲು ಸಿಕ್ಕಿ, ಮೆಡಿಕಲ್ ಅಥವಾ ನರ್ಸಿಂಗ್ ಆಮೇಲೆ ಬರಬಹುದು. ಫೀಸು ಕಟ್ಟುವ ಮುಂಚೆ ಸೀಟು ಬಿಟ್ಟರೆ ಎಷ್ಟು ವಾಪಸ್, ಯಾವ ತಾರೀಕಿನ ಒಳಗೆ ಬಿಡಬೇಕು, ದಂಡ ಇದೆಯಾ ಅನ್ನುವ ಪುಟವನ್ನು ಹುಡುಕಿ ಓದಿ, ಆ ಕೊನೆಯ ತಾರೀಕನ್ನು ನೋಟ್‌ಬುಕ್ಕಿನ ಅದೇ ಸಾಲಿನ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡಿ.